ನಿಮಗಿದು ಗೊತ್ತೇ? ಸ್ಪೇನ್‌ನ ಕೆಳದರ್ಜೆ ಲೀಗ್‌ಗಳೂ ಅಲ್ಲಿನ ಡಿಫೆಂಡರ್‌ಗಳೂ

● 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಕ್ಲಬ್ಬೊಂದು ಆ ಟೂರ್ನಿಯ ಫೈನಲ್‌ಗೆ ಹೋದದ್ದು ಅದೇ ಮೊದಲು. ಮೊದಲೆರಡು ಗೋಲು ಸುನಿಲ್ ಚೆಟ್ರಿ ಅವರದೆಂಬುದು ಎಲ್ಲರಿಗೂ ನೆನಪಿದೆ. ಮೂರನೆಯದು ಯಾರದು? ಸ್ಪೇನ್‌ನಿಂದ ಬಂದಿದ್ದ ಸೆಂಟರ್ ಬ್ಯಾಕ್ ಹುವಾನನ್ ಅವರದು. ಎದುರಾಳಿ ಇನ್ನು ಚೇತರಿಸಿಕೊಳ್ಳದಂತೆ ಮಾಡಿದ ಗೋಲು ಅದು.

● ಹುವಾನನ್ ಅವರ ಪೂರ್ಣ ಹೆಸರು ಹುವಾನ್ ಅಂತೋನಿಯೊ ಗೊನ್ಸಾಲೆಸ್ ಫೆರ್ನಾಂದೆಸ್. ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಎರಡನೇ ತಂಡವಾದ ಕಸ್ತಿಯಾದಲ್ಲಿ ಆಡಿದವರು. ಹೆಸರಿನಲ್ಲಿ ರಿಯಲ್ ಮ್ಯಾಡ್ರಿಡ್ ಇದ್ದರೂ ಆ ತಂಡ ಆಗ ಇದ್ದದ್ದು ಸ್ಪೇನ್‌ನ ಮೂರನೇ ದರ್ಜೆಯಲ್ಲಿ. ಅಲ್ಲಿಂದ ಜರ್ಮನಿಯ ಫೋರ್ಚುನಾ ಡ್ಯೂಸೆಲ್‌ಡಾರ್ಫ್‌ಗೆ ಹೋಗಿ, 2016ರಲ್ಲಿ ಬೆಂಗಳೂರಿಗೆ ಬಂದರು. ಇಂಥ ಆಟಗಾರರನ್ನು ತಯಾರು ಮಾಡುವ ಆ ಮೂರನೇ ದರ್ಜೆಯ ಲೋಕ ಹೇಗಿದೆ ಎಂಬುದೇ ಈ ಸಲದ ಅಂಕಣ.

● ಸ್ಪೇನ್‌ನಲ್ಲಿ ಕಾನೂನಿನ ಪ್ರಕಾರ ವೃತ್ತಿಪರ ಎನಿಸಿಕೊಳ್ಳುವುದು ಮೇಲಿನ ಎರಡೇ ದರ್ಜೆ. ಲಾ ಲೀಗಾದಲ್ಲಿ 20 ತಂಡ, ಅದರ ಕೆಳಗಿನ ಸೆಗುಂಡಾದಲ್ಲಿ 22. ಈ 42 ಕ್ಲಬ್‌ಗಳ ಕೆಳಗೆ ಇರುವುದೆಲ್ಲ ಫುಟ್‌ಬಾಲ್ ಫೆಡರೇಷನ್ನಿನ ಉಸ್ತುವಾರಿಯಲ್ಲಿದೆ. ನಾವು ಟಿವಿಯಲ್ಲಿ ಕಾಣುವ ಸ್ಪೇನ್ ಮುಗಿಯುವುದೂ ಅಲ್ಲಿಗೇ.

● 1977ರಿಂದ 2021ರವರೆಗೆ ಆ ಮೂರನೇ ದರ್ಜೆಯ ಹೆಸರು ‘ಸೆಗುಂಡಾ ಬಿ’. ಬಹುಕಾಲ ಅದರಲ್ಲಿ 80 ತಂಡಗಳು ಇಪ್ಪತ್ತಿಪ್ಪತ್ತರ ನಾಲ್ಕು ಗುಂಪುಗಳಾಗಿ ಆಡುತ್ತಿದ್ದವು. ಮೇಲಕ್ಕೆ ಹೋಗುತ್ತಿದ್ದುದು ವರ್ಷಕ್ಕೆ ನಾಲ್ಕೇ ತಂಡ.

● ಇನ್ನೂ ಕಠಿಣವಾದ ಸಂಗತಿ ಮುಂದಿದೆ. ಗುಂಪಿನಲ್ಲಿ ಮೊದಲ ಸ್ಥಾನ ಗಳಿಸಿದ ಮಾತ್ರಕ್ಕೆ ಬಡ್ತಿ ಸಿಗುತ್ತಿರಲಿಲ್ಲ. 2008–09ರ ಋತುವಿನಿಂದ ಬಂದ ಪದ್ಧತಿಯಲ್ಲಿ ನಾಲ್ಕು ಗುಂಪುಗಳ ವಿಜೇತರು ತಮ್ಮತಮ್ಮಲ್ಲೇ ಪ್ಲೇಆಫ್ ಆಡಬೇಕಿತ್ತು. ಗೆದ್ದ ಇಬ್ಬರಿಗೆ ನೇರ ಬಡ್ತಿ, ಸೋತವರಿಗೆ ಇನ್ನೊಂದು ಅವಕಾಶ. ಎರಡರಿಂದ ನಾಲ್ಕನೇ ಸ್ಥಾನದವರು ಮೂರು ಸುತ್ತು ದಾಟಬೇಕು. ಒಂಬತ್ತು ತಿಂಗಳು ಗೋಡೆಯಂತೆ ನಿಂತ ಡಿಫೆಂಡರ್ ಜೂನ್ ತಿಂಗಳ ಒಂದು ಸಂಜೆ ಒಮ್ಮೆ ಕಾಲು ಜಾರಿದರೆ ಇಡೀ ವರ್ಷದ ದುಡಿಮೆ ಹೋಯಿತು. ಈ ವ್ಯವಸ್ಥೆ ಆಟಗಾರರಿಗೆ ಮಾಡಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

● ಕೋವಿಡ್‌ನಿಂದ ಹಿಂಬಡ್ತಿ ರದ್ದಾಗಿ, 2020–21ರ ಕೊನೆಯ ಸೆಗುಂಡಾ ಬಿ ಋತುವಿನಲ್ಲಿ 102 ತಂಡಗಳಿದ್ದವು! ಮರುವರ್ಷವೇ ಫೆಡರೇಷನ್ ಎಲ್ಲವನ್ನೂ ಹೊಸದಾಗಿ ವಿಂಗಡಿಸಿತು. ಈಗ ಮೂರನೇ ದರ್ಜೆಯಲ್ಲಿ ಒಟ್ಟು 40 ತಂಡಗಳ ಎರಡು ಗುಂಪು. ನಾಲ್ಕನೆಯದರಲ್ಲಿ ಒಟ್ಟು 90 ತಂಡಗಳ ಐದು ಗುಂಪು, ಐದನೆಯದರಲ್ಲಿ ಪ್ರಾಂತ್ಯವಾರು 18 ಗುಂಪು. ಗುಂಪಿನ ವಿಜೇತರಿಗೆ ಈಗ ನೇರ ಬಡ್ತಿ ಇದೆ. ತಡವಾಗಿಯಾದರೂ ಆಯಿತು.

● ಸೆಗುಂಡಾ ಬಿ ತಂಡವೊಂದು 22 ಆಟಗಾರರನ್ನು ನೋಂದಾಯಿಸಬಹುದಿತ್ತು. ಅದರಲ್ಲಿ 23 ದಾಟಿದವರಿಗೆ 16 ಸ್ಥಾನ ಮಾತ್ರ. ಹೀಗಾಗಿ 22ರ ಹರೆಯದಲ್ಲಿ ಎಲ್ಲರಿಗೂ ಬೇಕಾಗಿದ್ದ ಹುಡುಗ 24ಕ್ಕೆ ಕಾಲಿಟ್ಟೊಡನೆ ಮೂವತ್ತರ ಅನುಭವಿಗಳ ಜೊತೆ ಅದೇ 16 ಸ್ಥಾನಗಳಿಗೆ ಪೈಪೋಟಿ ನಡೆಸಬೇಕು. ಬಹಳಷ್ಟು ವೃತ್ತಿಜೀವನಗಳು ಸದ್ದಿಲ್ಲದೆ ಮುಗಿಯುವುದು ಈ ತಿರುವಿನಲ್ಲೇ.

● ಲಾ ಲೀಗಾ ಪಂದ್ಯದಲ್ಲಿ 25ಕ್ಕಿಂತ ಮೇಲಿನ ಸಂಖ್ಯೆಯ ಜೆರ್ಸಿ ತೊಟ್ಟ ಆಟಗಾರ ಕಂಡರೆ ಆತ ಕೆಳಗಿನ ತಂಡದಿಂದ ಕರೆಸಿಕೊಂಡವನೆಂದು ತಿಳಿಯಿರಿ. 1ರಿಂದ 25ರವರೆಗಿನ ಸಂಖ್ಯೆಗಳು ಮುಖ್ಯ ತಂಡಕ್ಕೆ ಮೀಸಲು.

● ದೊಡ್ಡ ಕ್ಲಬ್‌ಗಳ ಎರಡನೇ ತಂಡಗಳು ಲೀಗ್‌ನಲ್ಲಿ ಉಳಿದ ಕ್ಲಬ್‌ಗಳೊಂದಿಗೇ ಆಡುತ್ತವೆ. ಆದರೆ ಮುಖ್ಯ ತಂಡವಿರುವ ದರ್ಜೆಯಲ್ಲಿ ಅವು ಇರುವಂತಿಲ್ಲ. 1983–84ರಲ್ಲಿ ಕಸ್ತಿಯಾ ಎರಡನೇ ದರ್ಜೆಯಲ್ಲಿ ಅಗ್ರಸ್ಥಾನ ಗಳಿಸಿಯೂ ಮೇಲೇರಲಿಲ್ಲ. 2012ರಲ್ಲಿ ಇದಕ್ಕಿಂತ ಕ್ರೂರವಾದದ್ದು ನಡೆಯಿತು. ವಿಯಾರಿಯಲ್ ಮುಖ್ಯ ತಂಡ ಲಾ ಲೀಗಾದಿಂದ ಕೆಳಗೆ ಬಿದ್ದಾಗ, ಸೆಗುಂಡಾದಲ್ಲಿ ತನ್ನ ಸ್ಥಾನ ಉಳಿಸಿಕೊಂಡಿದ್ದ ವಿಯಾರಿಯಲ್ ಬಿ ತಂಡವೂ ಮೂರನೇ ದರ್ಜೆಗೆ ಇಳಿಯಬೇಕಾಯಿತು. ತಪ್ಪು ಅಣ್ಣಂದಿರದು, ದಂಡ ತೆತ್ತವರು ತಮ್ಮಂದಿರು.

● ಒಂದೇ ಕ್ಲಬ್ಬಿನ ಎರಡು ತಂಡಗಳು ದೇಶದ ಕಪ್ ಫೈನಲ್‌ನಲ್ಲಿ ಎದುರಾದದ್ದೂ ಉಂಟು! 1980ರ ಕೋಪಾ ಡೆಲ್ ರೇ ಟೂರ್ನಿಯಲ್ಲಿ ಎರಡನೇ ದರ್ಜೆಯ ಕಸ್ತಿಯಾ ತಂಡ ಹೆರ್ಕುಲೆಸ್, ಅಥ್ಲೆಟಿಕ್ ಬಿಲ್ಬಾವೊ, ರಿಯಲ್ ಸೊಸಿಯೆದಾದ್, ಸ್ಪೋರ್ಟಿಂಗ್ ಹಿಹೋನ್ ತಂಡಗಳನ್ನು ಉರುಳಿಸಿ ಫೈನಲ್ ತಲುಪಿತು. ಅಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 6–1ರಿಂದ ಸೋತರೂ ಯುರೋಪಿನ ಕಪ್ ವಿನ್ನರ್ಸ್ ಕಪ್‌ಗೆ ಅರ್ಹತೆ ಸಿಕ್ಕಿತು. ಅಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ತಂಡವನ್ನು ಮ್ಯಾಡ್ರಿಡ್‌ನಲ್ಲಿ 3–1ರಿಂದ ಸೋಲಿಸಿ, ಲಂಡನ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 5–1ರಿಂದ ಸೋತು ಹೊರಬಿತ್ತು. 1990–91ರಿಂದ ಎರಡನೇ ತಂಡಗಳಿಗೆ ಕೋಪಾದಲ್ಲಿ ಪ್ರವೇಶವಿಲ್ಲ.

● ಕೆಳದರ್ಜೆಯ ಡಿಫೆಂಡರ್‌ಗಳ ಮಟ್ಟಿಗೆ ಮರೆಯಲಾಗದ ರಾತ್ರಿ 2009ರ ಅಕ್ಟೋಬರ್ 27. ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ರಿಯಲ್ ಮ್ಯಾಡ್ರಿಡ್ ದಾಖಲೆ ಬೆಲೆ ತೆತ್ತು ಕರೆತಂದ ವರ್ಷ ಅದು; ಗಾಯಗೊಂಡಿದ್ದ ರೊನಾಲ್ಡೊ ಆ ದಿನ ಆಡಲಿಲ್ಲ. ಆದರೆ ರೌಲ್, ಬೆಂಜೆಮಾ, ಗುತಿ ಇದ್ದರು. ಮ್ಯಾಡ್ರಿಡ್ ಹೊರವಲಯದ ಸೆಗುಂಡಾ ಬಿ ತಂಡ ಅಲ್ಕೊರ್ಕೋನ್ ಕೋಪಾ ಪಂದ್ಯವೊಂದರಲ್ಲಿ ತನ್ನ ಪುಟ್ಟ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು 4–0ಯಿಂದ ಸೋಲಿಸಿತು. ಬೋರ್ಹಾ ಪೆರೆಸ್ ಎರಡು ಗೋಲು, ಎರ್ನೆಸ್ತೊ ಒಂದು, ಇನ್ನೊಂದು ಅರ್ಬೆಲೊವಾ ತಮ್ಮದೇ ಬಲೆಗೆ ಹೊಡೆದುಕೊಂಡದ್ದು. ಜನ ನೆನೆಯುವುದು ಆ ನಾಲ್ಕು ಗೋಲುಗಳನ್ನು. ನನಗೆ ಅದೇ ಸುತ್ತಿನ ಎರಡನೇ ಪಂದ್ಯವೇ ದೊಡ್ಡದಾಗಿ ಕಾಣುತ್ತದೆ. ಬೆರ್ನಬ್ಯೂ ಕ್ರೀಡಾಂಗಣದಲ್ಲಿ, ತುಂಬಿದ ಗ್ಯಾಲರಿಗಳ ಮುಂದೆ, ನಾಲ್ಕು ಗೋಲು ತೀರಿಸಲೇಬೇಕೆಂದು ಮುಗಿಬಿದ್ದ ತಂಡಕ್ಕೆ ಅಲ್ಕೊರ್ಕೋನ್ ರಕ್ಷಣಾ ಸಾಲು ಬಿಟ್ಟುಕೊಟ್ಟದ್ದು ಒಂದೇ ಗೋಲು. ಮರುವರ್ಷ ಆ ತಂಡ ಸೆಗುಂಡಾಕ್ಕೆ ಬಡ್ತಿಯನ್ನೂ ಪಡೆಯಿತು.

● ಅದಕ್ಕೂ ಒಂದು ವರ್ಷ ಮೊದಲು, 2008ರಲ್ಲಿ, ಇರೂನ್ ಪಟ್ಟಣದ ರಿಯಲ್ ಉನಿಯೋನ್ ಎಂಬ ಮೂರನೇ ದರ್ಜೆಯ ತಂಡ ಇದೇ ರಿಯಲ್ ಮ್ಯಾಡ್ರಿಡ್ ಅನ್ನು ಕೋಪಾದಿಂದ ಹೊರಗಟ್ಟಿತ್ತು. ಊರಲ್ಲಿ 3–2ರ ಗೆಲುವು, ಬೆರ್ನಬ್ಯೂನಲ್ಲಿ 4–3ರ ಸೋಲು. ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ದಾಟಿತು. ಕೋಚ್ ಉನಾಯ್ ಎಮೆರಿ ಕುಟುಂಬದ ನಂಟು ಈ ಕ್ಲಬ್ಬಿಗಿದೆ. ಲಾ ಲೀಗಾ ಚರಿತ್ರೆಯ ಮೊಟ್ಟಮೊದಲ ಗೋಲು, 1929ರಲ್ಲಿ, ಬಿದ್ದದ್ದು ರಿಯಲ್ ಉನಿಯೋನ್ ಬಲೆಗೆ. ಆಗ ಗೋಲ್‌ಕೀಪರ್ ಆಗಿದ್ದವರು ಎಮೆರಿ ಅವರ ಅಜ್ಜ.

● ಎಮೆರಿ ಅವರೇ ಮೂರನೇ ದರ್ಜೆಯ ಕೂಸು. ಲೋರ್ಕಾ ಎಂಬ ಸೆಗುಂಡಾ ಬಿ ತಂಡದಲ್ಲಿ ಆಡುತ್ತಿದ್ದಾಗ ಮೊಣಕಾಲು ಕೈಕೊಟ್ಟಿತು. ಕ್ಲಬ್ಬು ಋತುವಿನ ನಡುವೆಯೇ ಅವರನ್ನು ಕೋಚ್ ಮಾಡಿತು. ಆ ವರ್ಷವೇ, 2005ರಲ್ಲಿ, ಲೋರ್ಕಾಗೆ ಬಡ್ತಿ.

● ಬ್ಯಾಂಕ್ ಉದ್ಯೋಗಿಯೊಬ್ಬರು ಕೋಪಾ ಡೆಲ್ ರೇ ಟೂರ್ನಿಯ ಅಗ್ರ ಗೋಲುಗಾರ! 2011–12ರಲ್ಲಿ ಮಿರಾಂದಾ ದೆ ಎಬ್ರೊ ಎಂಬ ಚಿಕ್ಕ ಊರಿನ ಮಿರಾಂದೇಸ್ ತಂಡ ವಿಯಾರಿಯಲ್, ರೇಸಿಂಗ್, ಎಸ್ಪಾನ್ಯೋಲ್ ತಂಡಗಳನ್ನು ಸೋಲಿಸಿ ಸೆಮಿಫೈನಲ್ ತಲುಪಿತು. ಏಳು ಗೋಲು ಹೊಡೆದ ಪಾಬ್ಲೊ ಇನ್ಫಾಂತೆ ಹಗಲು ಬ್ಯಾಂಕಿನಲ್ಲಿ ದುಡಿದು ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವರು. ಮೂರನೇ ದರ್ಜೆಯ ಸಂಬಳ ಎಷ್ಟಿರಬಹುದೆಂದು ಇದರಿಂದಲೇ ಅಂದಾಜಿಸಿ.

● 2019–20ರಿಂದ ಕೋಪಾದ ಆರಂಭಿಕ ಸುತ್ತುಗಳೆಲ್ಲ ಒಂದೇ ಪಂದ್ಯ, ಅದೂ ಕೆಳದರ್ಜೆ ತಂಡದ ಊರಿನಲ್ಲಿ. ಈ ಬದಲಾವಣೆ ಸ್ಪೇನ್ ಫುಟ್‌ಬಾಲಿಗೆ ಮಾಡಿದ ಉಪಕಾರ ದೊಡ್ಡದು. ಮೊದಲ ವರ್ಷವೇ ಸೆಗುಂಡಾ ಬಿಯ ಕುಲ್ತುರಾಲ್ ಲಿಯೊನೇಸಾ ತಂಡ ಅಟ್ಲೆಟಿಕೊ ಮ್ಯಾಡ್ರಿಡ್ ಅನ್ನು 2–1ರಿಂದ ಮನೆಗೆ ಕಳಿಸಿತು.

● ಮರುವರ್ಷ, 2021ರ ಜನವರಿ 20. ಅಲ್ಕೊಯ್ ಊರಿನ ಅಲ್ಕೊಯಾನೊ ತಂಡಕ್ಕೆ ರಿಯಲ್ ಮ್ಯಾಡ್ರಿಡ್ ಎದುರಾಳಿ. ಗೋಲ್‌ಕೀಪರ್ ಹೊಸೆ ಹುವಾನ್ ಅವರಿಗೆ 41 ವರ್ಷ. ಹೆಚ್ಚುವರಿ ಸಮಯದಲ್ಲಿ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ, ಹತ್ತೇ ಮಂದಿ ಉಳಿದಿದ್ದಾಗ, 115ನೇ ನಿಮಿಷದಲ್ಲಿ ಅಲ್ಕೊಯಾನೊ ಗೆಲುವಿನ ಗೋಲು ಹೊಡೆಯಿತು. ಹೊಡೆದವರ ಹೆಸರೂ ಹುವಾನನ್! ನಮ್ಮ ಬೆಂಗಳೂರಿನವರಲ್ಲ, ಹುವಾನನ್ ಕಸನೋವಾ.

● ಸ್ಪೇನ್‌ನ ಲೀಗ್ ಆಡಲು ಆಫ್ರಿಕಾಕ್ಕೆ ಹೋಗಬೇಕು ಎಂದರೆ ನಂಬುತ್ತೀರಾ? ಸೆವ್ತಾ ಮತ್ತು ಮೆಲಿಯಾ ಎಂಬ ಎರಡು ಸ್ಪ್ಯಾನಿಷ್ ನಗರಗಳು ಇರುವುದು ಆಫ್ರಿಕಾದ ಉತ್ತರ ತೀರದಲ್ಲಿ. ಎರಡೂ ಊರಿನ ತಂಡಗಳು ಮೂರನೇ ದರ್ಜೆಯಲ್ಲಿ ವರ್ಷಗಟ್ಟಲೆ ಆಡಿವೆ. ಸೆವ್ತಾ 2025ರಲ್ಲಿ ಸೆಗುಂಡಾಕ್ಕೆ ಏರಿತು. ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರದಲ್ಲಿ, ಸಾವಿರ ಕಿಲೊಮೀಟರಿಗೂ ದೂರದಲ್ಲಿ, ಕ್ಯಾನರಿ ದ್ವೀಪಗಳ ತಂಡಗಳಿವೆ. ಅತ್ತ ಬಾಸ್ಕ್ ಸೀಮೆಯ ಮಳೆ, ಇತ್ತ ಆಂದಲೂಸಿಯಾದ ಬಿಸಿಲು. ನೆಲೆ ಬದಲಿಸುತ್ತ ಹೋಗುವ ಡಿಫೆಂಡರ್ ಎರಡಕ್ಕೂ ಒಗ್ಗಿಕೊಳ್ಳಬೇಕು.

● ಪುಟ್ಟ ದೇಶ ಆಂಡೋರಾದ ಎಫ್‌ಸಿ ಆಂಡೋರಾ ತಂಡವೂ ಆಡುವುದು ಸ್ಪೇನ್ ಲೀಗ್‌ನಲ್ಲೇ. 2018ರಲ್ಲಿ ಅದನ್ನು ಕೊಂಡದ್ದು ಬಾರ್ಸಿಲೋನಾದ ಡಿಫೆಂಡರ್ ಗೆರಾರ್ಡ್ ಪಿಕೆ ಅವರ ಕಂಪನಿ. 2019ರಲ್ಲಿ ಸೆಗುಂಡಾ ಬಿಯಲ್ಲಿ ಖಾಲಿಯಾದ ರಿಯೂಸ್ ತಂಡದ ಜಾಗವನ್ನು ಹಣ ಕೊಟ್ಟು ಪಡೆದು ಮೇಲೇರಿತು.

● ಆ ಜಾಗ ಖಾಲಿಯಾದ ಕಥೆ ನೋವಿನದು. 2019ರ ಜನವರಿಯಲ್ಲಿ, ಸಂಬಳ ಕೊಡದ ಕಾರಣಕ್ಕೆ ರಿಯೂಸ್ ತಂಡವನ್ನು ಋತುವಿನ ನಡುವೆಯೇ ಎರಡನೇ ದರ್ಜೆಯಿಂದ ಹೊರಹಾಕಲಾಯಿತು. ಕೆಳಗಿನ ದರ್ಜೆಗಳಲ್ಲಿ ಬಾಕಿ ಸಂಬಳ ಹೊಸದೇನಲ್ಲ. 1978ರಲ್ಲಿ ಸ್ಥಾಪನೆಯಾದ ಆಟಗಾರರ ಸಂಘ ಎಎಫ್‌ಇ ಇಂಥ ಬಾಕಿಗಾಗಿ ಹೋರಾಡುತ್ತ ಬಂದಿದೆ. ಬಾಕಿ ತೀರಿಸದ ಕ್ಲಬ್‌ಗೆ ಮೈದಾನದಲ್ಲಿ ಗೆದ್ದಿದ್ದರೂ ಹಿಂಬಡ್ತಿ ಎಂಬ ನಿಯಮವಿದೆ. ಚೆನ್ನಾಗಿ ಆಡಿದವನೂ ಕ್ಲಬ್ಬಿನ ಸಾಲಕ್ಕಾಗಿ ಕೆಳಗಿಳಿಯುತ್ತಾನೆ ಎಂಬುದು ಈ ನಿಯಮದ ಕಹಿ. ನಿಯಮವೇ ಇಲ್ಲದಿದ್ದರೆ ಸಂಬಳ ಕೇಳುವವರೇ ಇರುತ್ತಿರಲಿಲ್ಲ.

● 2003ರಲ್ಲಿ ಎರಡನೇ ದರ್ಜೆಯಿಂದ ಆಟದಲ್ಲೇ ಸೋತು ಇಳಿದ ರಿಯಲ್ ಒವಿಯೆದೊ, ಅದೇ ಬೇಸಿಗೆಯಲ್ಲಿ ಈ ನಿಯಮದಿಂದ ಇನ್ನೂ ಒಂದು ದರ್ಜೆ ಕುಸಿದು ನಾಲ್ಕನೆಯದಕ್ಕೆ ಬಿತ್ತು. 2012ರಲ್ಲಿ ಮುಚ್ಚುವ ಸ್ಥಿತಿ ಬಂದಾಗ ದೇಶವಿದೇಶಗಳ ಅಭಿಮಾನಿಗಳು ಷೇರು ಕೊಂಡು ಉಳಿಸಿದರು. ಅಲ್ಲೇ ಬೆಳೆದ ಸಾಂತಿ ಕಸೋರ್ಲಾ, ಹುವಾನ್ ಮಾತಾ, ಮಿಚು ಕೂಡ ಕೊಂಡರು. 2025ರ ಜೂನ್‌ನಲ್ಲಿ, 24 ವರ್ಷಗಳ ನಂತರ, ಒವಿಯೆದೊ ಮತ್ತೆ ಲಾ ಲೀಗಾಕ್ಕೆ ಬಂತು. ನಿರ್ಣಾಯಕ ಪಂದ್ಯದಲ್ಲಿ 40 ವರ್ಷದ ಕಸೋರ್ಲಾ ಗೋಲು ಹೊಡೆದರು. ಸೋತ ತಂಡ ಯಾವುದು? ಬ್ಯಾಂಕ್ ಉದ್ಯೋಗಿಯ ಅದೇ ಮಿರಾಂದೇಸ್.

● 2000ದಲ್ಲಿ ಲಾ ಲೀಗಾ ಗೆದ್ದಿದ್ದ ದೆಪೋರ್ತಿವೊ ಲಾ ಕೊರುನ್ಯಾ ಇಪ್ಪತ್ತು ವರ್ಷಗಳ ನಂತರ ಮೂರನೇ ದರ್ಜೆಗೆ ಬಿತ್ತು. ಆ ಊರಿನ ಲೂಕಾಸ್ ಪೆರೆಸ್ 2023ರಲ್ಲಿ ಲಾ ಲೀಗಾದ ಕಾದಿಸ್ ತಂಡದಿಂದ ಬಿಡುಗಡೆ ಪಡೆಯಲು ಸುಮಾರು 5 ಲಕ್ಷ ಯೂರೊ ಕೈಯಿಂದ ಹಾಕಿ, ಎರಡು ದರ್ಜೆ ಕೆಳಗಿದ್ದ ತವರು ತಂಡಕ್ಕೆ ಹೋದರು. 2024ರಲ್ಲಿ ಬಡ್ತಿ ತಂದ ಗೋಲು ಅವರದೇ ಫ್ರೀ ಕಿಕ್.

● ಗಿಪುಸ್ಕೋವಾ ಪ್ರಾಂತ್ಯದ ಐಬಾರ್ ತಂಡ 2013ರಲ್ಲಿ ಮೂರನೇ ದರ್ಜೆಯಿಂದ, 2014ರಲ್ಲಿ ಎರಡನೆಯದರಿಂದ ಮೇಲೇರಿ ಸತತ ಎರಡು ಬಡ್ತಿ ಪಡೆಯಿತು. ಊರಿನ ಜನಸಂಖ್ಯೆ 30 ಸಾವಿರಕ್ಕೂ ಕಡಿಮೆ.

● ಕಾರ್ಲೆಸ್ ಪುಯೋಲ್ ಗೊತ್ತಲ್ಲ? 2010ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ವಿರುದ್ಧ ತಲೆಯಿಂದ ಗೋಲು ಹೊಡೆದ ಡಿಫೆಂಡರ್. 1997–98ರಲ್ಲಿ ಅವರು ಬಾರ್ಸಿಲೋನಾ ಬಿ ಪರ ಸೆಗುಂಡಾ ಬಿಯಲ್ಲಿ ಆಡುತ್ತಿದ್ದರು. ಮುಖ್ಯ ತಂಡದ ಲೀಗ್ ಪಂದ್ಯಕ್ಕೆ 1999ರವರೆಗೆ ಕಾದರು.

● ಪೆಪ್ ಗಾರ್ಡಿಯೋಲಾ ಕೋಚ್ ಆಗಿ ಮೊದಲ ಋತು ಕಳೆದದ್ದು ನಾಲ್ಕನೇ ದರ್ಜೆಯಲ್ಲಿ, 2007–08ರಲ್ಲಿ, ಅದೇ ಬಾರ್ಸಿಲೋನಾ ಬಿ ತಂಡದ ಜೊತೆ.

● 2011–12ರಲ್ಲಿ ಸೆಗುಂಡಾ ಬಿಯಿಂದ ಬಡ್ತಿ ಪಡೆದ ಕಸ್ತಿಯಾ ತಂಡದಲ್ಲಿ ಕಾರ್ವಾಹಾಲ್, ನಾಚೊ, ಮೊರಾತಾ, ಹೊಸೆಲು ಇದ್ದರು. ಹನ್ನೆರಡು ವರ್ಷಗಳ ನಂತರ, 2024ರಲ್ಲಿ, ನಾಲ್ವರೂ ಯುರೋ ಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದರು. ಇವರಲ್ಲಿ ಡಿಫೆಂಡರ್ ನಾಚೊ ಅವರದು ವಿಶೇಷ. ಹನ್ನೆರಡನೇ ವಯಸ್ಸಿಗೇ ಟೈಪ್ 1 ಮಧುಮೇಹ ಪತ್ತೆಯಾಗಿತ್ತು.

● ಯುರೋ 2024ರ ಫೈನಲ್ ಆರಂಭಿಸಿದ ಸ್ಪೇನ್‌ನ ರಕ್ಷಣಾ ಸಾಲನ್ನೇ ನೋಡಿ. ಕಾರ್ವಾಹಾಲ್ ಕಸ್ತಿಯಾದಿಂದ, ಕುಕುರೆಯಾ ಬಾರ್ಸಿಲೋನಾ ಬಿಯಿಂದ, ಲಪೋರ್ಟ್ ಅಥ್ಲೆಟಿಕ್ ಕ್ಲಬ್ಬಿನ ಎರಡನೇ ತಂಡ ಬಿಲ್ಬಾವೊ ಅಥ್ಲೆಟಿಕ್‌ನಿಂದ, ಲೆ ನೊರ್ಮಾಂದ್ ರಿಯಲ್ ಸೊಸಿಯೆದಾದ್ ಬಿಯಿಂದ ಬಂದವರು. ನಾಲ್ವರೂ ಮೂರನೇ ದರ್ಜೆಯ ಮೈದಾನಗಳನ್ನು ತುಳಿದವರು! ಲಪೋರ್ಟ್ ಅದಕ್ಕೂ ಮೊದಲು ಬಾಸ್ಕೋನಿಯಾ ಎಂಬ ನಾಲ್ಕನೇ ದರ್ಜೆ ತಂಡದಲ್ಲಿದ್ದರು. ಲೆ ನೊರ್ಮಾಂದ್ ಹುಟ್ಟಿದ್ದು ಫ್ರಾನ್ಸ್‌ನ ಬ್ರಿಟನಿಯಲ್ಲಿ. ಬ್ರೆಸ್ಟ್ ಕ್ಲಬ್ಬು ಬೇಡವೆಂದು ಬಿಟ್ಟ ಹುಡುಗ 2016ರಲ್ಲಿ ಸೆಗುಂಡಾ ಬಿಗೆ ಬಂದು, 2023ರಲ್ಲಿ ಸ್ಪೇನ್ ಪೌರತ್ವ ಪಡೆದು, ಅದೇ ವರ್ಷ ನೇಷನ್ಸ್ ಲೀಗ್ ಗೆದ್ದರು. ಕೆಳದರ್ಜೆಯೆಂದು ಮೂಗು ಮುರಿಯುವವರಿಗೆ ಈ ಒಂದು ಸಾಲು ಸಾಕು.

● ಎಲ್ಲರಿಗೂ ಯುರೋ ಕಪ್ ಒಲಿಯುವುದಿಲ್ಲ. ಅಟ್ಲೆಟಿಕೊ ಮ್ಯಾಡ್ರಿಡ್ ಬಿ ತಂಡದ ಸೆಂಟರ್ ಬ್ಯಾಕ್ ತಿರಿ 2015ರಲ್ಲಿ ಕೋಲ್ಕತ್ತಕ್ಕೆ ಬಂದರು. 2016ರಲ್ಲಿ ಅಟ್ಲೆಟಿಕೊ ಡಿ ಕೋಲ್ಕತ್ತ ಜೊತೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದರು. ಆಮೇಲೆ ಜಮ್‌ಶೆಡ್‌ಪುರ, ಮತ್ತೆ ಕೋಲ್ಕತ್ತ. 2022ರಲ್ಲಿ ಮೊಣಕಾಲಿನ ದೊಡ್ಡ ಗಾಯ. ಅದರಿಂದ ಎದ್ದು ಬಂದು 2024ರಲ್ಲಿ ಮುಂಬೈ ಸಿಟಿ ಜೊತೆ ಮತ್ತೊಮ್ಮೆ ಐಎಸ್‌ಎಲ್ ಕಪ್ ಎತ್ತಿದರು. ತನ್ನ ದೇಶದ ಮುಖ್ಯ ಲೀಗ್‌ನಲ್ಲಿ ಹೆಸರು ಮಾಡದ ಆಟಗಾರನೊಬ್ಬ ಇನ್ನೊಂದು ದೇಶದ ಫುಟ್‌ಬಾಲಿಗೆ ಇಷ್ಟು ವರ್ಷ ದುಡಿದದ್ದನ್ನು ನಾವು ಸಾಕಷ್ಟು ನೆನೆದಿಲ್ಲ.

● ಬೆಂಗಳೂರು ಎಫ್‌ಸಿ ಆಡಿದ ಮೊದಲೆರಡು ಐಎಸ್‌ಎಲ್ ಫೈನಲ್‌ಗಳನ್ನು ತೀರ್ಮಾನಿಸಿದ್ದು ಡಿಫೆಂಡರ್‌ಗಳ ತಲೆ. 2018ರಲ್ಲಿ ಕಂಠೀರವದಲ್ಲೇ ಚೆನ್ನೈಯಿನ್ ತಂಡದ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದು ನಮ್ಮನ್ನು ಸೋಲಿಸಿದರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಸ್ಪೇನ್‌ನ ದೀಮಾಸ್ ದೆಲ್ಗಾದೊ ಹೊಡೆದ ಕಾರ್ನರ್‌ಗೆ ರಾಹುಲ್ ಭೆಕೆ 117ನೇ ನಿಮಿಷದಲ್ಲಿ ತಲೆಕೊಟ್ಟರು. ಗೋವಾ ವಿರುದ್ಧ 1–0, ಕಪ್ ಬೆಂಗಳೂರಿಗೆ. ಆ ದಿನ ಎರಡೂ ಕಡೆಯ ಕೋಚ್‌ಗಳು ಸ್ಪೇನ್‌ನವರೇ: ನಮ್ಮ ಕಾರ್ಲೆಸ್ ಕ್ವಾದ್ರತ್, ಗೋವಾದ ಸೆರ್ಹಿಯೊ ಲೊಬೆರಾ.

● 2017–18ರಲ್ಲಿ ಬೆಂಗಳೂರು ಎಫ್‌ಸಿಗೆ ಆಡಿದ ತೋನಿ ದೊವಾಲೆ ಫಾರ್ಮಸಿ ಓದಿದವರು. 2020ರ ಕೋವಿಡ್ ದಿನಗಳಲ್ಲಿ ತಮ್ಮ ಊರಿನ ಔಷಧ ಅಂಗಡಿಯಲ್ಲಿ ನಿಂತು ದುಡಿದರು. ಸ್ಪೇನ್‌ನ ಕೆಳದರ್ಜೆಗಳಲ್ಲಿ ಆಡುತ್ತಲೇ ಓದು ಮುಗಿಸುವವರು ಕಡಿಮೆಯಿಲ್ಲ. ಮೂವತ್ತೈದರ ನಂತರದ ಬದುಕು ಅವರಿಗೆ ಮೊದಲೇ ಕಾಣುತ್ತಿರುತ್ತದೆ.

● ಹುವಾನನ್ ಬೆಂಗಳೂರಿನಲ್ಲಿ ಐದು ಋತು ಕಳೆದರು. 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್, 2019ರ ಐಎಸ್‌ಎಲ್ ಗೆದ್ದ ತಂಡಗಳಲ್ಲಿದ್ದರು. ನಂತರ ಹೈದರಾಬಾದ್ ಸೇರಿ, 2022ರ ಮಾರ್ಚ್ 20ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದ ತಂಡದೊಂದಿಗೆ ಎರಡನೇ ಐಎಸ್‌ಎಲ್ ಪದಕ ಪಡೆದರು. ಆ ತಂಡದ ಕೋಚ್ ಮನೋಲೊ ಮಾರ್ಕೆಸ್ ಕೂಡ ಸ್ಪೇನ್‌ನ ಕೆಳದರ್ಜೆ ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ಪಳಗಿದವರು. 2024ರಲ್ಲಿ ಅವರೇ ಭಾರತ ತಂಡದ ಕೋಚ್ ಆದರು.

● ಕೊನೆಗೊಂದು ಕೋರಿಕೆ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ರಾಜ್ಯ ಸಂಸ್ಥೆಯ ಲೀಗ್ ಪಂದ್ಯಗಳು ನಡೆಯುತ್ತವೆ. ಮುಂದಿನ ಸಲ ಹೋದಾಗ ಹತ್ತು ನಿಮಿಷ ಚೆಂಡನ್ನು ಬಿಟ್ಟು ಸೆಂಟರ್ ಬ್ಯಾಕ್ ಒಬ್ಬನನ್ನೇ ನೋಡಿ. ಎಲ್ಲಿ ನಿಲ್ಲುತ್ತಾನೆ, ಯಾರನ್ನು ಕೂಗಿ ಕರೆಯುತ್ತಾನೆ, ಯಾವಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ ಎಂಬುದನ್ನು ಗಮನಿಸಿ. ಪಂದ್ಯ ಮುಗಿದ ಮೇಲೆ ಆತನ ಹೆಸರು ಕೇಳಿ ತಿಳಿದುಕೊಳ್ಳಿ.